ಹಲಸಿನ ಪೆಟ್ಟಿಗೆಯ ವಾಸಣ್ಣ

ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಯಾರದೋ ಕಾರಿನ ಡಿಕ್ಕಿಗೆ ಹೊಟ್ಟೆ ಒತ್ತಿ, ಕಣ್ಣು ಮುಚ್ಚಿ ನಿಂತ ಗಂಡಸನ್ನು ಕೊಪ್ಪದ ಬಸ್ ಸ್ಟ್ಯಾಂಡಿನ ಕೆಳಗಿನ ತಿರುವಿನಲ್ಲಿ ನೀವು ಕಂಡಿದ್ದರೆ, ಅದು ವಾಸಣ್ಣನೇ. ಮೊದಲ ಸಲ ಕಂಡಾಗ ಯಾರಿಗೋ ಹೊಟ್ಟೆನೋವು ಬಂದಿದೆ ಅಂತ ನಾನು ಗಾಬರಿಯಿಂದ ಹತ್ತಿರ ಹೋಗಿದ್ದೆ. ಎನ್.ಆರ್. ಪುರದಲ್ಲಿ ಮೆಡಿಕಲ್ ಶಾಪ್ ಇಟ್ಟವಳು, ಅಭ್ಯಾಸ ಬಿಡಬೇಕಲ್ಲ. ಅವನು ಒಂದು ಕಣ್ಣು ತೆರೆದು, "ಸ್ವಲ್ಪ ತಡಿ ತಂಗಿ, ಕೇಳ್ತಾ ಇದೇನೆ" ಅಂದ. ಕಾರಿಗೆ ಸ್ಪೀಕರು ಕೂರಿಸುವುದು ಅವನ ಕಸುಬು. ಅಂಥವನು ಕಿವಿ ಮುಚ್ಚಿಕೊಂಡು ಹಾಡು ಕೇಳುವುದೆಂಥದು ಅಂತ ವಿಚಾರಿಸಿದರೆ, "ಕಿವಿ ಮುಖಸ್ತುತಿ ಮಾಡ್ತದೆ ಮಾರಾಯ್ತಿ. ಹೊಟ್ಟೆಗೆ ಸುಳ್ಳು ಹೇಳಕ್ಕೆ ಬರಲ್ಲ" ಎಂಬ ಉತ್ತರ ಬಂತು. ಈ ಮನುಷ್ಯನ ಸಹವಾಸ ಬೇಡ ಅಂತ ಆಗಲೇ ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ.

ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾದವರು ಸದ್ದು ಕೇಳಿ ಬರುತ್ತಾರೆ ಅನ್ನುತ್ತಿದ್ದ. ಬಂದವರ ಕಾರಿಗೆ ಅವನು ಮಾಡುತ್ತಿದ್ದ ಮೊದಲ ಕೆಲಸ ಹಿಂದಿನ ಸೀಟು ಕಿತ್ತು ಗೋಡೆಗೆ ಒರಗಿಸುವುದು. ಸೀಟು ತೆಗೆಯುವ ಕೆಲಸ ಇರಲಿ, ಬಿಡಲಿ, ಅದು ಮೊದಲು ಹೊರಗೆ ಬರಬೇಕು. "ಸೀಟ್ ಬಿಚ್ಚಿದ ಮೇಲೆ ಗಿರಾಕಿಗೆ ಮನಸ್ಸು ನಿಲ್ತದೆ" ಅಂತ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಿದ್ದ. ನಿಲ್ಲದೆ ಏನು ಮಾಡುತ್ತದೆ? ಸೀಟಿಲ್ಲದ ಕಾರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೇರೆ ಅಂಗಡಿಗೆ ಹೋಗಲಾಗುತ್ತದೆಯೇ? ಹಾಗಾಗಿ ಅವನ ಅಂಗಡಿಯ ಮುಂದೆ ಯಾವಾಗಲೂ ಮೂರ್ನಾಲ್ಕು ಕಾರು ಬಿಚ್ಚಿ ನಿಂತಿರುತ್ತಿದ್ದವು, ಅವುಗಳ ಯಜಮಾನರು ಬಸ್ಸಿನಲ್ಲಿ ಓಡಾಡುತ್ತಿದ್ದರು.

ನಾನು ಈ ಬಲೆಗೆ ಬಿದ್ದಿದ್ದು ಅಮ್ಮನಿಗಾಗಿ. ಅಮ್ಮ ನನ್ನ ಜೊತೆಗೇ ಇದ್ದಳು. ಅವಳ ತವರು ಕಿಗ್ಗ. ಅಲ್ಲಿಯ ನನ್ನ ಮಾವ, ಅಂದರೆ ಅವಳ ತಮ್ಮ, ತಾಳಮದ್ದಳೆಗೆ ಮದ್ದಳೆ ಬಾರಿಸುವವನು. ಅಮ್ಮ ಜನರ ಮುಂದೆ ಒಂದು ದಿನವೂ ಮದ್ದಳೆ ಮುಟ್ಟಿದವಳಲ್ಲ, ಆದರೆ ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಬೆರಳಲ್ಲಿ ಎಲ್ಲವನ್ನೂ ಬಾರಿಸುತ್ತಿದ್ದಳು. ತವರಿಗೆ ಹೋದರೆ ಅಕ್ಕ ತಮ್ಮನ ಮಾತೆಲ್ಲ ಅದೇ. ನೀನು ಅಲ್ಲಿ ತಾಳ ಬಿಟ್ಟು ಮುಂದೆ ಓಡಿದೆ, ಇಲ್ಲಿ ಎಡಗೈ ಪೆಟ್ಟು ನುಂಗಿದೆ, ಹಾಡುವ ಭಾಗವತರು ಸುಮ್ಮನಿದ್ದರೆಂದು ನಾನು ಸುಮ್ಮನಿರಲ್ಲ. ಎರಡು ಲೋಟ ಕಾಫಿ ಆರಿ ತಣ್ಣಗಾಗುವವರೆಗೆ ಜಗಳ.

ಆಮೇಲೆ ಅಮ್ಮನ ಕಿವಿ ಹೋಗತೊಡಗಿತು. ಶಿವಮೊಗ್ಗದಲ್ಲಿ ಮೆಷಿನ್ ಕೊಡಿಸಿದೆವು. ಸ್ವಲ್ಪ ದಿನ ಹಾಕಿದಳು, ಆಮೇಲೆ "ಇದರೊಳಗೆ ಎಲ್ಲರೂ ತಗಡಿನ ಮೇಲೆ ನಿಂತು ಮಾತಾಡ್ತಾರೆ" ಅಂತ ಕಪಾಟಿನಲ್ಲಿ ಇಟ್ಟಳು. ಮಾವ ಮೆತ್ತಗಿನ ಮನುಷ್ಯ, ಕೂಗಿ ಮಾತಾಡುವುದು ಅವನಿಂದ ಆಗುವುದಿಲ್ಲ. ಇಬ್ಬರೂ ಎದುರು ಬದುರು ಕೂತು, ಕಾಫಿ ಬಿಸಿ ಇರುವಾಗಲೇ ಕುಡಿದು, ಎದ್ದು ಬರುವುದಾಯಿತು. ಒಮ್ಮೆ ವಾಪಸು ಬರುವಾಗ ಅಮ್ಮ, "ಇನ್ನು ನಾನು ಬರಲ್ಲ. ತಮ್ಮನ ಮುಖ ನೋಡಿ ಸುಮ್ನೆ ಕೂರಕ್ಕೆ ಅಷ್ಟು ದೂರ ಎಂತಕ್ಕೆ?" ಅಂದಳು. ಹಟ ಮಾಡಿ ಹೇಳಿದ್ದಲ್ಲ ಅದು, ಲೆಕ್ಕ ಮುಗಿಸಿದವಳ ಹಾಗೆ ಹೇಳಿದ್ದು.

ಅದೇ ವರ್ಷ ಬಾಳೆಹೊನ್ನೂರು ಕಡೆಯ ಕಾಫಿ ತೋಟದವರೊಬ್ಬರ ಹಳೆ ಕಾರು ಕೊಂಡೆ. ಅದರಲ್ಲಿ ಕಂಪನಿಯಿಂದಲೇ ಬಂದ ಸೆಟ್ ಇತ್ತು, ಹಿಂದಿನ ಗಾಜಿನ ಕೆಳಗೆ ದಪ್ಪ ಸದ್ದಿಗೆಂದೇ ಒಂದು ಸಣ್ಣ ಸಬ್‌ವೂಫರೂ ಇತ್ತು. ಮಾವನ ಹಳೆ ಕ್ಯಾಸೆಟ್ಟುಗಳನ್ನು ಯಾರೋ ಸೀಡಿಗೆ ಹಾಕಿಕೊಟ್ಟಿದ್ದರು. ಹರಿಹರಪುರ ದಾಟುವಾಗ ಸುಮ್ಮನೆ ಅದನ್ನು ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಅಮ್ಮನ ಬೆರಳು ಮೊಣಕಾಲ ಮೇಲೆ ಆಡುತ್ತಿದೆ. ಗಾಡಿ ನಿಲ್ಲಿಸಿದೆ. "ಎಡ ಸಿಗ್ತಾ ಇದೆ ಕಣೆ" ಅಂದಳು. ಮದ್ದಳೆಯ ಎಡಬದಿಯ ದಪ್ಪ ನಾದ ಮಾತ್ರ ಬೆನ್ನಿನಿಂದ ಒಳಗೆ ಬರುತ್ತಿತ್ತಂತೆ, ಬಲವೂ ಇಲ್ಲ, ಮಾತೂ ಇಲ್ಲ. "ಆದ್ರೆ ತೀರಾ ತೆಳು. ಆಚೆ ಮನೇಲಿ ಬಾರಿಸಿದ ಹಾಗೆ." ಆ ತೆಳುವನ್ನು ದಪ್ಪ ಮಾಡಿಸಬೇಕು ಅಂತ ನಾನು ವಾಸಣ್ಣನ ಬಾಗಿಲಿಗೆ ಹೋದದ್ದು.

ಅವನು ಕಂಪನಿಯ ವೂಫರನ್ನು ಬೆರಳಲ್ಲಿ ತಟ್ಟಿ ನೋಡಿ, ಸತ್ತ ಇಲಿ ಎತ್ತುವವರ ಹಾಗೆ ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟ. "ಕಂಪನಿಯವ್ರು ನಿಂಗೆ ಕೊಟ್ಟಿದ್ದು ಬೇಸ್ ಅಲ್ಲ ತಂಗಿ, ಬೇಸಿನ ಫೋಟೊ" ಅಂದ. ಮುಂದಿನ ಸೆಟ್ಟು ಹಾಗೇ ಇರಲಿ, ಹಿಂದಿನ ಸ್ಪೀಕರಿನ ವಯರಿನಿಂದ ಹಾಡು ಕದ್ದು, ಸದ್ದು ಹೆಚ್ಚಿಸುವ ಬೇರೆ ಆ್ಯಂಪಿಗೆ ಕೊಡುತ್ತೇನೆ, ಬ್ಯಾಟರಿಯಿಂದ ಡಿಕ್ಕಿಗೆ ದಪ್ಪ ವಯರು ಎಳೆಯುತ್ತೇನೆ, ದೊಡ್ಡ ವೂಫರಿಗೆ ಒಂದು ಪೆಟ್ಟಿಗೆ ಮಾಡುತ್ತೇನೆ ಅಂತೆಲ್ಲ ವಿವರಿಸಿದ. ವಿವರಿಸುತ್ತಲೇ ಸೀಟು ಕಿತ್ತು ಗೋಡೆಗೆ ಒರಗಿಸಿದ. ಯಾವಾಗ ಸಿಗುತ್ತದೆ ಅಂದರೆ, "ಶಿವರಾತ್ರಿ ಒಳಗೆ ಶಿವ ಕಾಣ್ತಾನೆ."

ಶಿವರಾತ್ರಿ ಹೋಯಿತು, ಯುಗಾದಿಯೂ ಬಂತು. ಶಿವ ಕಾಣಲಿಲ್ಲ. ಹೋದಾಗಲೆಲ್ಲ ಒಂದು ಹೊಸ ನೆಪ. ಇಬ್ಬನಿ ಬೀಳುತ್ತಿದೆ, ಈ ಹವೆಯಲ್ಲಿ ಸೌಂಡು ಕೂರುವುದಿಲ್ಲ. ಬಿಸಿಲು ಜಾಸ್ತಿ, ಮರ ಒಣಗುತ್ತಿದೆ, ಮುಟ್ಟಬಾರದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸಾಧಾರಣವಾಗಿ ಎಲ್ಲರಿಗೂ 'ನೀವು' ಅನ್ನುವವಳು. ಕೋಪ ನೆತ್ತಿಗೇರಿದರೆ ಮಾತ್ರ 'ನೀನು' ಬಾಯಿಗೆ ಬರುತ್ತದೆ. ವಾಸಣ್ಣನಿಗೆ ಹೋಳಿ ಹುಣ್ಣಿಮೆಯ ಹೊತ್ತಿಗೇ ಬಂದುಬಿಟ್ಟಿತ್ತು, ಮತ್ತೆ ವಾಪಸ್ಸು ಹೋಗಲೇ ಇಲ್ಲ. ಅವನಿಗೇನೂ ಬೇಜಾರಿಲ್ಲ. "ಈಗ ನೀನು ಮನೆಯವಳ ಹಾಗಾದೆ" ಅಂತ ಚಹಾ ತರಿಸಿದ.

ಒಂದು ಬೆಳಿಗ್ಗೆ ಬಾಳೆಹೊನ್ನೂರಿನಲ್ಲಿ ಕೆಲಸ ಮುಗಿಸಿ, ಮಾತ್ರೆ ಡಬ್ಬಗಳ ಚೀಲ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಿದ್ದೆ. ದೂರದಿಂದ ಧುಂ ಧುಂ ಅಂತ ಸದ್ದು ಬಂತು. ಯಾರಪ್ಪಾ ಇದು ದೊಡ್ಡ ಮನುಷ್ಯರು ಅಂತ ನೋಡಿದರೆ ನನ್ನದೇ ಕಾರು. ವಾಸಣ್ಣ ಓಡಿಸುತ್ತಿದ್ದಾನೆ, ಪಕ್ಕದಲ್ಲಿ ಅವನ ಹೆಂಡತಿ ರೇಷ್ಮೆ ಸೀರೆ ಉಟ್ಟು ಕೂತಿದ್ದಾಳೆ, ಹಿಂದೆ ಸೀಟಿಲ್ಲದ ಜಾಗದಲ್ಲಿ ಚಾಪೆ ಹಾಸಿಕೊಂಡು ಎರಡು ಹೆಂಗಸರು. ಮದುವೆಗೆ ಹೊರಟ ಸವಾರಿ. ನನ್ನನ್ನು ಕಂಡು ತಪ್ಪಿಸಿಕೊಂಡು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ, ನಿಲ್ಲಿಸಿ ಗಾಜು ಇಳಿಸಿ, "ಟೆಸ್ಟಿಂಗ್ ತಂಗಿ. ನಿನ್ನ ಪೆಟ್ಟಿಗೆ ಆಗುವವರೆಗೆ ಹಳೇದೊಂದು ಇಟ್ಟು ನೋಡ್ತಾ ಇದೇನೆ. ತುಂಬಿದ ಗಾಡಿಯಲ್ಲಿ ಸೌಂಡೇ ಬೇರೆ. ಬರ್ತೀಯಾ, ಹೇಗೂ ಜಾಗ ಇದೆ" ಅಂದ. ನನ್ನ ಕಾರಿನಲ್ಲಿ ನನಗೆ ಚಾಪೆಯ ಮೇಲೆ ಜಾಗ. ನಾನು ಬಸ್ಸಿಗೇ ಹತ್ತಿದೆ, ನಿಂತುಕೊಂಡು ಬಂದೆ, ಊರು ಮುಟ್ಟುವವರೆಗೆ ಅವನ ವಂಶವನ್ನೆಲ್ಲ ಬೈದೆ.

ಕೊನೆಗೂ ಪೆಟ್ಟಿಗೆ ತಯಾರಾಯಿತು. ಎಲ್ಲರೂ ಇಂಥ ಪೆಟ್ಟಿಗೆಯನ್ನು ದಪ್ಪ ಪ್ಲೈವುಡ್ಡಿನಲ್ಲಿ ಮಾಡುತ್ತಾರೆ. ವಾಸಣ್ಣ ಹಲಸಿನ ಮರದಲ್ಲಿ ಮಾಡಿದ್ದ. ಅದೂ ತನ್ನ ಸೋದರಮಾವನ ಮನೆ ಬಿಚ್ಚಿದಾಗ ಸಿಕ್ಕಿದ ಹಳೆ ಹಲಗೆ, ಅರಿಶಿನದ ಬಣ್ಣ, ಅಂಚಿಗೆಲ್ಲ ಪಾಲೀಶು. ನೋಡಲು ದೇವರ ಮಂಟಪದ ಹಾಗಿತ್ತು. "ವೀಣೆ ಎಂತದ್ರಲ್ಲಿ ಮಾಡ್ತಾರೆ? ಹಲಸಿನಲ್ಲಿ. ಮದ್ದಳೆ? ಹಲಸು. ನಮ್ಮ ಮಲೆನಾಡಲ್ಲಿ ನಾದ ಅಂತ ಇದ್ರೆ ಅದು ಹಲಸಲ್ಲೇ ಇರೋದು. ಪ್ಲೈವುಡ್ಡಲ್ಲಿ ನಾದ ಉಂಟಾ? ಅದು ಬೀರು ಮಾಡುವ ಮರ" ಅಂತ ಒಂದು ಭಾಷಣ ಬಿಗಿದ. ಕೇಳುವಾಗ ನನಗೂ ಸರಿ ಅನ್ನಿಸಿತು. ಅವನ ಮಾತೇ ಹಾಗೆ, ಅವನ ಎದುರಿಗೆ ಇರುವಷ್ಟು ಹೊತ್ತು ಎಲ್ಲವೂ ಸರಿ.

ಅಮ್ಮನನ್ನು ಕೂರಿಸಿಕೊಂಡು ಸೀಡಿ ಹಾಕಿದೆ. ಗುಂಯ್ ಅಂತ ಒಂದೇ ಸದ್ದು. ಮದ್ದಳೆ ಏನೇ ನುಡಿದರೂ ಪೆಟ್ಟಿಗೆ ತನ್ನದೇ ಒಂದು ಸ್ವರ ಹಿಡಿದು ಕೂರುತ್ತಿತ್ತು. ಅದರ ಜೊತೆಗೆ ನಂಬರ್ ಪ್ಲೇಟು ಗಲಗಲ, ಮುಂದಿನ ಡ್ರಾಯರಿನಲ್ಲಿ ಚಿಲ್ಲರೆ ಝಣಝಣ. ಹಿಂಭಾಗ ಭಾರವಾಗಿ, ಹಂಪು ಬಂದಾಗಲೆಲ್ಲ ಕಾರಿನ ಹೊಟ್ಟೆ ನೆಲಕ್ಕೆ ಕೆರೆಯಿತು. ಅಮ್ಮ ತಾಳ್ಮೆಯಿಂದ ಕೂತಿದ್ದಳು, ಆಮೇಲೆ ಕೇಳಿದಳು, "ನನ್ನನ್ನು ಎಂತಕ್ಕೆ ಭತ್ತದ ಮಿಲ್ಲಿಗೆ ಕರ್ಕೊಂಡು ಬಂದೆ?"

ಅಷ್ಟು ತಿಂಗಳು ಬಸ್ಸು ಹತ್ತಿಳಿದ ಸಿಟ್ಟೆಲ್ಲ ಒಟ್ಟಿಗೆ ಬಂತು. ಮೊದಲು ತೆಳುವಾಗಿಯಾದರೂ ಎಡ ಕೇಳುತ್ತಿತ್ತು, ಈಗ ಅದೂ ಹೋಯಿತು. ಕಾರು ತಿರುಗಿಸಿ ನೇರ ಕೊಪ್ಪಕ್ಕೆ ಹೋಗಿ, ರಸ್ತೆಯಲ್ಲೇ ನಿಂತು ಅವನಿಗೆ ಮಂಗಳಾರತಿ ಮಾಡಿದೆ. "ನಿನ್ನ ಹಲಸಿನ ಮರಕ್ಕಿಷ್ಟು ಬೆಂಕಿ ಹಾಕು. ಪ್ಲೈವುಡ್ಡಲ್ಲಿ ಮಾಡಿ ಕೊಡು, ಇಲ್ಲಾಂದ್ರೆ ಕಂಪನಿ ವೂಫರು ಎಲ್ಲಿದೆಯೋ ಅಲ್ಲೇ ಕೂರಿಸು" ಅಂದೆ. ವಾಸಣ್ಣ ಕದಲಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಮರಕ್ಕೆ ಇನ್ನೂ ಹಾಡು ಅಭ್ಯಾಸ ಆಗಿಲ್ಲ ತಂಗಿ. ಒಂದು ಮಳೆಗಾಲ ಕಳೀಲಿ" ಅನ್ನುತ್ತಾನೆ.

ಅಷ್ಟರಲ್ಲಿ ಅಮ್ಮ ಕಾರಿನಿಂದ ಇಳಿದು ಬಂದಳು. ನಾವು ಏನು ಜಗಳವಾಡುತ್ತಿದ್ದೇವೆಂದು ಅವಳಿಗೆ ಕೇಳಿಸಿರಲಿಲ್ಲ. ಡಿಕ್ಕಿ ತೆಗೆಸಿದಳು. ಪೆಟ್ಟಿಗೆಯನ್ನು ಗೆಣ್ಣಿನಿಂದ ತಟ್ಟಿದಳು, ಅಂಗೈ ಇಟ್ಟಳು, ಮತ್ತೆ ತಟ್ಟಿದಳು. ಕಿವಿ ಕೇಳದವರಿಗೆ ತಮ್ಮ ಧ್ವನಿಯ ಅಂದಾಜು ಇರುವುದಿಲ್ಲವಲ್ಲ, ಇಡೀ ತಿರುವಿಗೆ ಕೇಳುವಂತೆ ಹೇಳಿದಳು:

"ಮದ್ದಳೆಗೆ ಹಲಸು ಸರಿ ಮಾರಾಯ. ಮದ್ದಳೆ ಇಡುವ ಪೆಟ್ಟಿಗೆಗೆ ಹಲಸು ಎಂತಕ್ಕೆ? ಒಳಗೆ ನನ್ನ ತಮ್ಮ ಬಾರಿಸ್ತಾ ಇದಾನೆ. ಹೊರಗೆ ನೀನೂ ಬಾರಿಸ್ತಾ ಕೂತ್ರೆ ನಾನು ಯಾರದ್ದು ಕೇಳ್ಲಿ?"

ವಾಸಣ್ಣ ಪೆಟ್ಟಿಗೆಯ ಮೇಲೆ ತಾನೂ ಕೈಯಿಟ್ಟು, ಗೆಣ್ಣಿನಿಂದ ತಟ್ಟಿ ನೋಡಿದ. ಆಮೇಲೆ ಮತ್ತೆ ಸೀಟು ಕಿತ್ತ. ನನಗೆ ಅಳು ಬರುವುದೊಂದು ಬಾಕಿ.

ಹಲಸು ಬಿಡಲಿಲ್ಲ, ಬಿಟ್ಟರೆ ಅವನು ವಾಸಣ್ಣನೇ ಅಲ್ಲ. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಮಾಡಿ, ಮರ ತಾನೇ ನಡುಗದ ಹಾಗೆ ಎರಡರ ನಡುವೆ ತುಂಗಾ ಹೊಳೆಯ ಮರಳನ್ನು ಹುರಿದು ಒಣಗಿಸಿ ಗಿಡಿದು ತುಂಬಿದ. ನಂಬರ್ ಪ್ಲೇಟಿಗೆ, ಬಾಗಿಲುಗಳ ಒಳಗೆಲ್ಲ ಹಳೆ ಟ್ಯೂಬಿನ ರಬ್ಬರು ಅಂಟಿಸಿದ. ಮೊದಲೇ ಭಾರ, ಈಗ ಗಬ್ಬದ ಹಸು ಕೂತ ಹಾಗೆ ಕಾರು ಹಿಂದಕ್ಕೆ ಕೂತಿತು. ಅದನ್ನು ಎತ್ತಲು ಸ್ಪ್ರಿಂಗಿಗೊಂದು ಗುಟ್ಟ ಬೇರೆ ಕೊಟ್ಟ. ಡಿಕ್ಕಿಯಲ್ಲಿ ಒಂದು ಕೈಚೀಲ ಇಡಲಿಕ್ಕೂ ಜಾಗ ಉಳಿಯಲಿಲ್ಲ. ಕೀಲಿ ಕೊಡುವಾಗ, "ನಾನು ಮೊದಲೇ ಹೀಗೇ ಅಂದ್ಕೊಂಡಿದ್ದೆ, ನೀನು ಅವಸರ ಮಾಡಿದ್ದಕ್ಕೆ ಹಾಗೆ ಆಯ್ತು" ಅಂದ. ಕೀಲಿಯನ್ನು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು.

ಅಮ್ಮನನ್ನು ಒತ್ತಾಯಿಸಿ ಕಿಗ್ಗಕ್ಕೆ ಕರೆದುಕೊಂಡು ಹೋದೆ. ಮಾವನ ಮನೆಯ ಅಂಗಳದಲ್ಲೇ ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಇಬ್ಬರನ್ನೂ ಕೂರಿಸಿ, ಗಾಜು ಏರಿಸಿ ಸೀಡಿ ಹಾಕಿದೆ. ಮಾವ ಸಂಕೋಚದಿಂದ ಕಾಲು ಮಡಚಿಕೊಂಡು ಕೂತಿದ್ದ. ಅಮ್ಮ ಸೀಟಿಗೆ ಪೂರ್ತಿ ಒರಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೈ ಮೊಣಕಾಲಿಗೆ ಬಂತು. ಒಂದು ಜಾಗ ಬಂದಾಗ ಫಕ್ಕನೆ ಕಣ್ಣು ತೆರೆದು ತಮ್ಮನ ತೊಡೆಗೆ ಬಲವಾಗಿ ಒಂದು ಹೊಡೆದಳು. "ಇಲ್ಲಿ. ಇಲ್ಲೇ ಓಡಿದೆ ನೀನು. ಭಾಗವತರಿನ್ನೂ ಬಂದೇ ಇಲ್ಲ."

ಮಾವ ಇಲ್ಲ ಅಂತ ತಲೆಯಾಡಿಸಿದ. ಅವಳ ಅಂಗೈಯನ್ನು ಎಳೆದುಕೊಂಡು ಅದರ ಮೇಲೆ ಆ ಪೆಟ್ಟುಗಳನ್ನು ಬೆರಳಲ್ಲಿ ನುಡಿಸಿ ತೋರಿಸಿದ. ಅವಳು ಅವನ ಕೈ ಕಸಿದುಕೊಂಡು ತನ್ನ ಲೆಕ್ಕ ನುಡಿಸಿದಳು. ಅತ್ತೆ ಕಾಫಿ ತಂದು ಗಾಜು ತಟ್ಟಿದರೂ ಇಬ್ಬರೂ ತಿರುಗಿ ನೋಡಲಿಲ್ಲ. ನಾನು ಇಳಿದು ಅಂಗಳದ ಮೂಲೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ಅಳುತ್ತಲೇ ವಾಸಣ್ಣನಿಗೆ ಇನ್ನಷ್ಟು ಬೈದೆ. ಇದನ್ನು ಮೊದಲೇ ಮಾಡಲಿಕ್ಕೆ ಅವನಿಗೆ ಏನಾಗಿತ್ತು?

ಆಮೇಲಿನ ವರ್ಷಗಳಲ್ಲಿ ಅವನ ಕಾಟ ಇನ್ನೂ ಹೆಚ್ಚಾಯಿತು. ಕೊಪ್ಪದ ಪೇಟೆಯಲ್ಲಿ ನನ್ನ ಕಾರು ಕಂಡರೆ ಸಾಕು, ನಡುರಸ್ತೆಯಲ್ಲಿ ಅಡ್ಡ ನಿಂತು, ಡಿಕ್ಕಿಗೆ ಹೊಟ್ಟೆ ಕೊಟ್ಟು, ಹಿಂದಿನ ಬಸ್ಸಿನವರು ಹಾರನ್ ಬಾರಿಸುತ್ತಿದ್ದರೂ "ವಾಲ್ಯೂಮ್ ಕೊಡು ತಂಗಿ" ಅನ್ನುತ್ತಿದ್ದ. ಪೆಟ್ಟಿಗೆ ತಾನೇ ನುಡಿಯಬಾರದು ಅನ್ನುವುದು ತನ್ನದೇ ಶೋಧ ಅಂತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ, ಅಮ್ಮನ ಹೆಸರೇ ಎತ್ತುತ್ತಿರಲಿಲ್ಲ. ಆದರೆ ಅಮ್ಮ ಕಾರಿನಲ್ಲಿದ್ದರೆ ಮೊದಲು ಅವಳ ಬಾಗಿಲಿಗೆ ಬಂದು, ಕೈ ಆಡಿಸಿ "ಎಡ ಹೇಗಿದೆ?" ಅಂತ ಸನ್ನೆಯಲ್ಲಿ ಕೇಳುತ್ತಿದ್ದ. ಅಮ್ಮ ಪ್ರತಿ ಸಲವೂ ಏನಾದರೊಂದು ಕುಂದು ಹೇಳುತ್ತಿದ್ದಳು. ಅವನು ಪ್ರತಿ ಸಲವೂ ಸೀಟು ಕೀಳಲು ಕೈ ಹಾಕುತ್ತಿದ್ದ.

ಒಂದು ಮಳೆಗಾಲ ಮುಗಿದ ಮೇಲೆ ಅಮ್ಮ, "ಎಡ ಸಡಿಲ ಆಗಿದೆ, ಅವನಿಗೆ ತೋರಿಸು" ಅಂದಳು. ಕಿಗ್ಗಕ್ಕೆ ಹೋಗುವ ದಾರಿಯಲ್ಲಿ ಕೊಪ್ಪದ ತಿರುವಿನಲ್ಲಿ ನಿಲ್ಲಿಸಿದೆ. ಅಂಗಡಿ ಮುಚ್ಚಿತ್ತು. ಹೊರಗೆ ಒಂದು ಬೂದು ಬಣ್ಣದ ಕಾರು ನಿಂತಿತ್ತು, ಅದರ ಹಿಂದಿನ ಸೀಟು ಗೋಡೆಗೆ ಒರಗಿತ್ತು. ಕಾರಿನ ಯಜಮಾನ ಜಯಪುರದವನಂತೆ, ಸೀಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. "ಮೊನ್ನೆ ಊಟ ಮಾಡಿ ಮಲಗಿದವ್ರು ಏಳಲೇ ಇಲ್ಲ ಮೇಡಂ" ಅಂದ. "ನನಗೆ ಗುರುವಾರ ಕೊಡ್ತೀನಿ ಅಂದಿದ್ರು." ಯಾವ ಗುರುವಾರ ಅಂತ ನಾನು ಕೇಳಲಿಲ್ಲ, ಅವನಿಗೂ ಗೊತ್ತಿದ್ದಿರಲಾರದು.

ಬಂದು ಕಾರಿನಲ್ಲಿ ಕೂತೆ. ಅಮ್ಮ, "ಎಂತ ಅಂದ?" ಅಂತ ಕೇಳಿದಳು. ಇಂಥ ಮಾತನ್ನು ಮೆಲ್ಲಗೆ ಹೇಳಬೇಕು. ಅಮ್ಮನಿಗೆ ಮೆಲ್ಲಗೆ ಹೇಳಲು ಬರುವುದಿಲ್ಲ. ಗಾಜೆಲ್ಲ ಏರಿಸಿ, ಹಿಂದಕ್ಕೆ ತಿರುಗಿ, ವಾಸಣ್ಣ ಸತ್ತುಹೋದ ಅಂತ ಕೂಗಿ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಮತ್ತೆ ಕೂಗಿದೆ, ಇನ್ನೂ ಜೋರಾಗಿ. ಅಷ್ಟು ವರ್ಷ ಅವನ ಮೇಲೆ ಕೂಗಿದ್ದೆಲ್ಲ ಏನೂ ಅನ್ನಿಸಿರಲಿಲ್ಲ ನನಗೆ.

ಅಮ್ಮ ಗೋಡೆಗೆ ಒರಗಿದ್ದ ಸೀಟನ್ನೂ ಕಲ್ಲಿನ ಮೇಲೆ ಕೂತವನನ್ನೂ ನೋಡಿದಳು. "ಪಾಪ, ಅವರ ಕಾರು ಬಿಚ್ಚಿಟ್ಟು ಹೋದನಲ್ಲ" ಅಂದಳು. ನಮ್ಮ ಪೆಟ್ಟಿಗೆಯನ್ನು ಶಿವಮೊಗ್ಗದಲ್ಲಿ ಯಾರಿಗಾದರೂ ತೋರಿಸೋಣ, ಸರಿ ಮಾಡುತ್ತಾರೆ ಅಂತ ನಾನು ಕೈಸನ್ನೆಯಲ್ಲೇ ಹೇಳಿದೆ.

"ಬೇಡ" ಅಂದಳು ಅಮ್ಮ. "ಸಡಿಲಾನೇ ಇರ್ಲಿ. ಅದನ್ನ ಇನ್ನೊಬ್ರು ಬಿಚ್ಚೋದು ಬೇಡ."