ಬೇಡ ಅಂದವಳಿಗೆ ಬೇಕಾಗಿದ್ದ ಕುರ್ಚಿ

ಕಳೆದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ನಾವು ಶಿರಸಿಯ ಬಾಡಿಗೆ ಮನೆ ಬಿಡಬೇಕಾಗಿ ಬಂತು. ಮಾಲೀಕರು ಆ ಕಟ್ಟಡ ಕೆಡವಿ ಅಂಗಡಿ ಮಳಿಗೆ ಕಟ್ಟಿಸುವವರಿದ್ದರು. ಅದೇ ಹೊತ್ತಿಗೆ ನನ್ನವರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆ ಎಷ್ಟು ಸಣ್ಣದೆಂದರೆ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಇಲ್ಲಿಯೋ, ಮದುವೆಯಾಗಿ ಬಂದಾಗಿನಿಂದ ಕೂಡಿಟ್ಟ ಸಾಮಾನು. ಮಾರೋಣ ಎಂದರೆ ಗುಜರಿಯವನ ಜೊತೆ ಗುದ್ದಾಡುವ ತ್ರಾಣ ನನಗಿರಲಿಲ್ಲ. ಹಿಂದಿನ ವರ್ಷವಷ್ಟೇ ಮಾವ ತೀರಿಕೊಂಡಿದ್ದರು. ಲಕ್ವಾ ಹೊಡೆದು ಮಲಗಿದ್ದ ಅವರ ಚಾಕರಿ ಮಾಡಿದ ದಣಿವೇ ಇನ್ನೂ ಮೈಯಿಂದ ಇಳಿದಿರಲಿಲ್ಲ.

"ಕಾಲನಿ ಗ್ರೂಪಲ್ಲಿ ಹಾಕು. ಪುಕ್ಕಟೆ ಹೇಳಿರೆ ಯಾರಾದ್ರೂ ತಗಂಡು ಹೋಗ್ತ" ಅಂದರು ನನ್ನವರು. ಹಾಕಿದೆ. ಬೀರು, ಮಿಕ್ಸರ್, ಫ್ರಿಜ್, ಪ್ಲಾಸ್ಟಿಕ್ ಕುರ್ಚಿ, ಪರದೆ, ಪಾತ್ರೆ ಎಲ್ಲದರ ಫೋಟೋ ಹಾಕಿ, "ಬೇಕಾದವರು ಬಂದು ಒಯ್ಯಬಹುದು, ಏನೂ ಕೊಡಬೇಕಾಗಿಲ್ಲ" ಎಂದು ಬರೆದೆ. ಆವತ್ತು ಹಿಡಿದದ್ದು ನೋಡಿ ನನ್ನ ಗ್ರಹಚಾರ.

ಫೋನು ಕೆಳಗಿಡಲು ಬಿಡಲಿಲ್ಲ. "ಫ್ರಿಜ್ ಡಬಲ್ ಡೋರ್ ಇಲ್ವಾ?" ಎಂದು ಒಬ್ಬರು ಬೇಸರಪಟ್ಟುಕೊಂಡರು. "ಬೀರು ನಮಗೇ ಇಟ್ಟಿಡಿ, ಬೇರೆಯವರಿಗೆ ಕೊಡಬೇಡಿ" ಎಂದು ಆಣೆ ಹಾಕಿದಂತೆ ಹೇಳಿದ ಇನ್ನೊಬ್ಬರು ವಾರವಾದರೂ ಪತ್ತೆಯಿಲ್ಲ. ಫೋನು ಮಾಡಿದರೆ, "ಅಯ್ಯೋ, ನಮ್ಮನೆಯವರಿಗೆ ಆ ಬಣ್ಣ ಹಿಡಿಸಲಿಲ್ಲ" ಅಂದರು. ಮತ್ತೊಬ್ಬರಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ನಾನೇ ಆಟೋದಲ್ಲಿ ಹಾಕಿ ಕಳಿಸಬೇಕಂತೆ, ಆಟೋದವನಿಗೆ ಬಾಡಿಗೆಯನ್ನೂ ನಾನೇ ಕೊಡಬೇಕಂತೆ! ಪರದೆ ಒಯ್ಯಲು ಬಂದ ಹೆಂಗಸೊಬ್ಬರು ಪರದೆಯ ಕೋಲು ಬಿಚ್ಚಿಸಿಕೊಂಡರು. ಕಾಲೊರೆಸುವ ಚಾಪೆ ಮಡಚಿಕೊಂಡರು. ಹೋಗುವಾಗ ಬಟ್ಟೆ ಒಣಹಾಕಿದ್ದ ತಂತಿಯ ಮೇಲಿನ ಕ್ಲಿಪ್ಪುಗಳನ್ನೂ ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕಿಕೊಂಡರು. ಒಂದರಲ್ಲಿ ನನ್ನ ಒದ್ದೆ ಲಂಗ ನೇತಾಡುತ್ತಿತ್ತು. ಅದು ಕೆಳಗೆ ಬಿದ್ದದ್ದನ್ನು ನೋಡಿಯೂ ಅವರು ಎತ್ತಲಿಲ್ಲ.

ಸುಮ್ಮನೆ ಕೊಡುತ್ತಿದ್ದೇನೆ, ಆದರೆ ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ದಿನವಿಡೀ ಜವಾಬು ಹೇಳುತ್ತಿದ್ದೆ. ತಲೆ ಚಿಟ್ಟು ಹಿಡಿದುಹೋಯಿತು. "ಚೆನ್ನಾಗಿದೆ, ಉಪಕಾರವಾಯಿತು" ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಅಂಥದೇ ಒಂದು ಬೆಳಿಗ್ಗೆ ನಾಗವ್ವ ಬಂದಳು. ನಾಗವ್ವ ಬನವಾಸಿ ಕಡೆಯವಳು. ಬೆಳಗಿನ ಬಸ್ಸಿಗೆ ಬುಟ್ಟಿಯೊಂದಿಗೆ ಬಂದು ಸೊಪ್ಪು, ಹಸಿ ಶುಂಠಿ, ಕಾಲ ಬಂದಾಗ ಅನಾನಸು ಮಾರಿಕೊಂಡು ಹೋಗುವವಳು. ಎಷ್ಟೋ ವರ್ಷದಿಂದ ನಮ್ಮ ಮನೆ ಬಾಗಿಲಲ್ಲಿ ಬುಟ್ಟಿ ಇಳಿಸಿ ಒಂದು ಲೋಟ ನೀರು ಕುಡಿಯದೆ ಮುಂದೆ ಹೋದವಳಲ್ಲ. ಆ ದಿನ ಮಾತ್ರ ಅವಳು ಹರಡಿದ ಸಾಮಾನಿನ ನಡುವೆ ನಿಂತು ಸುತ್ತ ನೋಡಿದಳು. ಗೋಡೆ ಪಕ್ಕ ಮಾವನ ಕಮೋಡ್ ಕುರ್ಚಿ ಇತ್ತು. ಸ್ಟೀಲಿನದು, ಕೆಳಗೆ ಗಾಲಿ, ನಡುವೆ ತೂತು, ತೂತಿನಡಿ ಬಟ್ಟಲು. ಮಾವನಿಗೆ ಪಾಯಖಾನೆಗೆ ಹೋಗಲಾಗದ ಮೇಲೆ ತಂದದ್ದು. ಅದರ ಫೋಟೋವನ್ನು ನಾನು ಗ್ರೂಪಿಗೆ ಹಾಕಿರಲಿಲ್ಲ. ಸತ್ತವರು ಕೂತ ಅಂಥ ಕುರ್ಚಿಯನ್ನು ಬೇಕಾ ಎಂದು ಯಾರನ್ನು ಕೇಳುವುದು?

ನಾಗವ್ವ ಅದರ ಕೈಯ ಮೇಲೆ ಕೈಯಿಟ್ಟು ನಿಂತಿದ್ದಳು.

"ನಾಗವ್ವಾ, ನಿಂಗೆ ಏನಾದ್ರೂ ಬೇಕಾದ್ರೆ ನೋಡು, ತಗಂಡು ಹೋಗು" ಅಂದೆ.

"ಬ್ಯಾಡ್ರಿ ಅಕ್ಕಾರ. ನಮಗ್ಯಾಕ್ರಿ" ಅಂದಳು, ಕೈ ಹಿಂದೆ ತೆಗೆದುಕೊಂಡು.

ನಮ್ಮ ಕಡೆ ಮೊದಲ ಸಲದ 'ಬೇಡ'ಕ್ಕೆ ಅರ್ಥವಿಲ್ಲ. ಊಟದ ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈ ಹಿಡಿದವರಿಗೇ ನಾವು ಮೊದಲು ಬಡಿಸುವುದು. ಕೇಳಿದ ಕೂಡಲೇ 'ಹೂಂ' ಅನ್ನುವುದು ಮರ್ಯಾದೆಯಲ್ಲ, ಬೇಡ ಅಂದ ಕೂಡಲೇ ಕೈ ಬಿಡುವುದೂ ಮರ್ಯಾದೆಯಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೇಳುವ ಮೊದಲೇ ಕಿತ್ತುಕೊಳ್ಳುವವರನ್ನು ಬೆಳಗಾದರೆ ನೋಡಿ ನೋಡಿ ನನಗೆ ಅದೂ ಮರೆತುಹೋಗಿತ್ತು. ಅಷ್ಟರಲ್ಲಿ ಫೋನು ಬಂತು. ಮಿಕ್ಸರ್ ಒಯ್ದವರದು. "ಚಟ್ನಿ ಜಾರಿನ ಬ್ಲೇಡು ಸವೆದು ಹೋಗಿದೆಯಲ್ಲ, ಹೊಸದು ಹಾಕಿಸಿಯಾದರೂ ಕೊಡಬಾರದಿತ್ತಾ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ನಾನು ಮಾತಾಡಿ ಮುಗಿಸುವಷ್ಟರಲ್ಲಿ ನಾಗವ್ವ ಬುಟ್ಟಿ ಎತ್ತಿಕೊಂಡು ಹೋಗಿಯಾಗಿತ್ತು. ಅವಳಿಗೆಂದು ತುಂಬಿಟ್ಟ ನೀರಿನ ಲೋಟ ಹಾಗೇ ಇತ್ತು.

ಅದೇ ಮಧ್ಯಾಹ್ನ ಗಜಣ್ಣ ಭಾವ ಪಿಕಪ್ ಗಾಡಿ ತಂದ. ನನ್ನವರ ದೊಡ್ಡಪ್ಪನ ಮಗ, ಕಾನಸೂರಿನವನು. ಅನುಕೂಲಸ್ಥ. ಬೇಕಾದ್ದು ಬೇಡದ್ದು ನೋಡುವ ಗೋಜಿಗೇ ಹೋಗಲಿಲ್ಲ. ಉಳಿದದ್ದನ್ನೆಲ್ಲ ಬಳಿದು ತುಂಬಿಕೊಂಡ. ಕಮೋಡ್ ಕುರ್ಚಿ ಎತ್ತಿದಾಗ, "ಅದೆಂತಕ್ಕೆ ಭಾವ?" ಅಂದೆ. "ಸ್ಟೀಲು ಮಾರಾಯ್ತಿ, ಒಳ್ಳೆ ತೂಕ ಇದ್ದು" ಅಂದ. ಮಾವನ ಹಳೇ ಆರಾಮ ಕುರ್ಚಿಯ ಮೇಲೂ ಅವನ ಕಣ್ಣು ಬಿತ್ತು. ಬೀಟೆ ಮರದ್ದು, ಮಾವ ಆರೋಗ್ಯದಿಂದಿದ್ದಾಗ ಸಂಜೆ ಹೊತ್ತು ಅದರಲ್ಲೇ ಕೂತು ರೇಡಿಯೋ ಕೇಳುತ್ತಿದ್ದರು. ಯಲ್ಲಾಪುರದ ಮನೆಯಲ್ಲಿ ಅದಕ್ಕೆ ಜಾಗವಿಲ್ಲ, ನನಗದು ಗೊತ್ತಿತ್ತು. ಆದರೂ "ಅದು ಕೊಡೋದಲ್ಲ" ಅಂದುಬಿಟ್ಟೆ. ಮನೆ ಖಾಲಿಯಾಯಿತಲ್ಲ ಎಂದು ಆವತ್ತು ನೆಲದ ಮೇಲೇ ಕಾಲು ಚಾಚಿ ಮಲಗಿದೆ.

ಎರಡು ದಿನ ಬಿಟ್ಟು ನಾಗವ್ವ ಮತ್ತೆ ಬಂದಳು. ಸೊಪ್ಪು ಕೊಟ್ಟಳು, ನೀರು ಕುಡಿದಳು, ಹೊಸ ಊರಿನ ಬಗ್ಗೆ ಕೇಳಿದಳು. ಹೊರಡುವವಳು ಬಾಗಿಲಲ್ಲಿ ನಿಂತು, "ಆ ಗಾಲಿ ಕುರ್ಚಿ... ಯಾರರ ಒಯ್ದ್ರೇನ್ರಿ ಅಕ್ಕಾರ?" ಅಂದಳು.

"ಹೌದು ನಾಗವ್ವಾ, ನೆಂಟರೊಬ್ರು ಒಯ್ದ್ರು. ಯಾಕೆ?"

"ಏನಿಲ್ರಿ. ಹಂಗ ಕೇಳಿದೆ."

ಈ ಸಲ ನಾನು ಬಿಡಲಿಲ್ಲ. ಒಳಗೆ ಕರೆದು ಕೂರಿಸಿದೆ. ಆಗ ಒಂದೊಂದೇ ಮಾತು ಬಂತು. ಅವಳ ಗಂಡ ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದ. ಆಪರೇಷನ್ ಆಗಿ ಮನೆಗೆ ಬಂದಿದ್ದ. ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ, ಪಾಯಖಾನೆ ಮನೆಯ ಹಿಂದೆ, ಮೆಟ್ಟಿಲು ಬೇರೆ. ನಾಗವ್ವ ಬೆಳಿಗ್ಗೆ ಮಾರಾಟಕ್ಕೆ ಬಂದರೆ ಸೊಸೆಯೇ ಹಿಡಿದೆತ್ತಬೇಕು.

"ಸೊಸಿ ಕೈಲೆ ಎತ್ತಿಸ್ಕೊಳ್ಳಾಕ ಅವ್ರಿಗೆ ನಾಚಿಕಿರಿ. ಅದಕ್ಕ ಊಟಾನ ಬಿಟ್ಟಾರ. ಅರ್ಧ ರೊಟ್ಟಿ ತಿಂತಾರ, ಸಾಕು ಅಂತಾರ. ಉಂಡ್ರ ಹೋಗಬೇಕಾಗ್ತೈತಲ್ರಿ" ಅಂದಳು.

"ಮೊನ್ನೆಯೇ ಹೇಳ್ಬಾರ್ದಿತ್ತಾ ಮಾರಾಯ್ತಿ!" ಎಂದು ರೇಗಿಬಿಟ್ಟೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹಿರಿಯಾರು ಕುಂತ ಕುರ್ಚಿ. ಹೆಂಗ ಬಾಯ್ ಬಿಟ್ಟು ಕೇಳೂದ್ರಿ?" ಅಂದಳು. ಕೊಟ್ಟರೆ ಅವಳಿಗೆ ಅವಮಾನವಾದೀತು ಎಂದು ನಾನು, ಕೇಳಿದರೆ ನನಗೆ ಅವಮಾನವಾದೀತು ಎಂದು ಅವಳು. ಇಬ್ಬರ ಮರ್ಯಾದೆಯ ನಡುವೆ ಕುರ್ಚಿ ಕಾನಸೂರಿಗೆ ಹೋಗಿತ್ತು.

ಭಾವನಿಗೆ ಫೋನು ಮಾಡಿದೆ. ತೋಟದಲ್ಲಿದ್ದೇನೆ, ಕೇಳುವುದಿಲ್ಲ ಎಂದು ಇಟ್ಟುಬಿಟ್ಟ. ಮರುದಿನ ಬೆಳಿಗ್ಗೆ ನಾನೇ ಸಿದ್ದಾಪುರದ ಬಸ್ಸು ಹತ್ತಿ ಕಾನಸೂರಿನಲ್ಲಿ ಇಳಿದೆ. ಅವನ ಮನೆ ಅಂಗಳಕ್ಕೆ ಕಾಲಿಟ್ಟವಳಿಗೆ ಮೊದಲು ಕಂಡದ್ದೇ ಆ ಕುರ್ಚಿ. ನಡುವಿನ ತೂತಿಗೆ ಅಳತೆ ಮಾಡಿಸಿದ ಹಾಗೆ ಒಂದು ಆಂಥೂರಿಯಂ ಕುಂಡ ಕೂರಿಸಿದ್ದ. ಕೆಂಪು ಹೂವು ಮೂರು ಅರಳಿದ್ದವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹ್ಯಾಂಗಿದ್ದು? ಗಾಲಿ ಇದ್ದಲಾ, ಬಿಸಿಲು ಬಂದಾಂಗೆ ದೂಡಲೆ ರಾಶಿ ಚಲೋ" ಎಂದು ಹೆಮ್ಮೆಯಿಂದ ತೋರಿಸಿದ.

ನಾನು ವಿಷಯ ಹೇಳಿದೆ. "ಒಬ್ರಿಗೆ ರಾಶಿ ಅವಶ್ಯ ಇದ್ದು ಭಾವ. ವಾಪಸ್ ಬೇಕಾಗಿತ್ತು."

"ಕೊಟ್ಟಾದ್ಮೇಲೆ ವಾಪಸ್ ಕೇಳದು ಹೇಳಿರೆ ಎಂತ ಮಾರಾಯ್ತಿ! ಚಲೋದಲ್ಲ ಅದು" ಅಂದ. ನನಗೆ ಮರ್ಯಾದೆಯ ಪಾಠ.

ಅಷ್ಟರಲ್ಲಿ ಅವನ ಹೆಂಡತಿ ಭಾರತಿ ಅಕ್ಕ ಒಳಗೆ ಕರೆದು ಬಿಸಿ ತೆಳ್ಳೇವು, ಅದೇ ನಮ್ಮ ಕಡೆಯ ತೆಳು ದೋಸೆ, ಬಡಿಸಿದಳು. ಎರಡು ತಿಂದು ಸಾಕು ಅಂದರೆ ಕೇಳಲೊಲ್ಲರು. "ಹಂಗೆಲ್ಲ ಬ್ಯಾಡ ಹೇಳಡ, ಇನ್ನೊಂದೇ ಒಂದು ಹಾಕ್ತೆ" ಎಂದು ಅವಳು, "ಹಾಕು ಹಾಕು, ಬೆಲ್ಲ ತುಪ್ಪ ಬಡಿಸು" ಎಂದು ಅವನು. ತಿನ್ನುವ ದೋಸೆಗೆ ಇಷ್ಟು ಒತ್ತಾಯ ಮಾಡುವ ಮನುಷ್ಯ, ಹೂವಿನ ಕುಂಡ ಕೆಳಗಿಳಿಸಲು ತಯಾರಿಲ್ಲ. ಅರ್ಧ ರೊಟ್ಟಿ ತಿಂದು ಸಾಕೆನ್ನುವವನ ನೆನಪಾಗುತ್ತಿತ್ತು.

ಕೈ ತೊಳೆದು ಬಂದಾಗ ಭಾವನೇ ದಾರಿ ತೋರಿಸಿದ. "ಚಿಕ್ಕಪ್ಪನ ಆರಾಮ ಕುರ್ಚಿ ಇದ್ದಲಾ, ಅದು ಹ್ಯಾಂಗೂ ನಿಂಗಳ ಯಲ್ಲಾಪುರದ ಮನೇಲಿ ಹಿಡಿತಿಲ್ಲೆ. ಅದನ್ನ ಕೊಡು, ಇದನ್ನ ತಗಂಡು ಹೋಗು." ಭಾರತಿ ಅಕ್ಕ, "ಎಂತ ಮಾತು ನಿಂಗಳದು!" ಎಂದು ಮುಖ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಜಗಳವಾಡುವಷ್ಟು ಶಕ್ತಿ ಯಾರಿಗಿದೆ? ನನ್ನವರಿಗೆ ಫೋನು ಮಾಡಿ ಹೇಳಿದೆ. "ಕೊಟ್ಟುಬಿಡು. ಅದ್ರಲ್ಲಿ ಕೂರ್ತಿದ್ದ ಅಪ್ಪಯ್ಯನೇ ಇಲ್ಲೆ ಈಗ" ಅಂದರು.

ಭಾರತಿ ಅಕ್ಕನೇ ಕುಂಡ ಎತ್ತಿಟ್ಟು, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಬಟ್ಟಲು ಹುಡುಕಿ, ಎಲ್ಲವನ್ನೂ ಬಿಸಿನೀರಲ್ಲಿ ತೊಳೆದುಕೊಟ್ಟಳು. ಪಿಕಪ್ ಗಾಡಿ ಅಂಗಳದಲ್ಲೇ ನಿಂತಿತ್ತು. ಅದರಲ್ಲಿ ಡೀಸೆಲ್ ಇಲ್ಲ ಎಂದ ಭಾವ. ಮರುದಿನ ಆರಾಮ ಕುರ್ಚಿ ಒಯ್ಯಲು ಬಂದಾಗ ಮಾತ್ರ ಇತ್ತು.

ಕುರ್ಚಿಯನ್ನು ಬಸ್ಸಿನಲ್ಲೇ ಒಯ್ದೆ. ಕಾನಸೂರಿಂದ ಶಿರಸಿ, ಶಿರಸಿಯಿಂದ ಬನವಾಸಿ. "ಏನ್ರಿ ಇದು?" ಎಂದ ಕಂಡಕ್ಟರಿಗೆ "ಕುರ್ಚಿ" ಅಂದೆ. ಅವನು ತೂತು ನೋಡಿ ಸುಮ್ಮನೆ ಲಗೇಜು ಟಿಕೆಟ್ ಹರಿದ. ಪಕ್ಕದಲ್ಲಿ ನಿಂತ ಹುಡುಗಿಯರು ಮುಸಿಮುಸಿ ನಕ್ಕರು. ನಗಲಿ ಬಿಡಿ ಅನಿಸಿತು.

ಬನವಾಸಿಯಲ್ಲಿ ಇಳಿದು ಸೊಪ್ಪಿನ ನಾಗವ್ವನ ಮನೆ ಕೇಳಿಕೊಂಡು ಕುರ್ಚಿ ದೂಡುತ್ತಾ ಹೋದೆ. ನಾಗವ್ವ ಬಾಗಿಲಿಗೆ ಬಂದವಳೇ ಬಾಯಿಗೆ ಸೆರಗು ಹಿಡಿದಳು.

"ತಗೋ ನಾಗವ್ವಾ."

"ಅಯ್ಯ, ಬ್ಯಾಡ್ರಿ ಅಕ್ಕಾರ! ನಿಮಗ ಬೇಕಾಗ್ತೈತಿ."

"ನಂಗೆ ಬೇಡ. ತಗೋ."

"ಬ್ಯಾಡ್ರಿ, ಇಷ್ಟು ದೂರ ಹೊತ್ಕೊಂಡು ಬಂದೀರಿ, ನಾವು ಹೆಂಗ..."

"ನಾಗವ್ವಾ, ಇದು ಮೂರನೇ ಸಲ ಕೇಳ್ತಾ ಇದ್ದೇನೆ..." ನನ್ನ ಮಾತು ಮುಗಿಯಲಿಲ್ಲ. ಒಳಗಿನ ಕತ್ತಲೆ ಕೋಣೆಯಿಂದ ಗಂಡಸಿನ ದನಿ ಬಂತು:

"ಏ, ತಗೋಳವಾ ಮಾರಾಯ್ತಿ! ಎಷ್ಟ್ ಸಲ ಬ್ಯಾಡ ಅಂತಿ?"

ನಾಗವ್ವ ನಾಚಿ ಕುರ್ಚಿಯ ಕೈ ಹಿಡಿದಳು. ನಾವಿಬ್ಬರೂ ಸೇರಿ ಅದನ್ನು ಹೊಸ್ತಿಲು ದಾಟಿಸಿ ಅವನ ಮಂಚದ ಪಕ್ಕ ನಿಲ್ಲಿಸಿದೆವು. ಕೃಶವಾಗಿದ್ದ ಆ ಮನುಷ್ಯ ಅದನ್ನು ಮೇಲೆ ಕೆಳಗೆ ನೋಡಿದ. ಕೈ ಚಾಚಿ ಒಮ್ಮೆ ಅಲುಗಾಡಿಸಿ ಭದ್ರವಿದೆಯೇ ಎಂದು ಪರೀಕ್ಷಿಸಿದ. ನನಗೆ ಕೈ ಮುಗಿದ. ಮತ್ತೆ ಹೆಂಡತಿಯ ಕಡೆ ತಿರುಗಿ, "ಹಂಗಾರ ಇವತ್ತ ನನಗ ಎರಡು ರೊಟ್ಟಿ ಬಡಿ" ಅಂದ.

ನಾಗವ್ವ ಒಲೆಯ ಕಡೆ ಓಡಿದಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಮಾವ ತೀರಿಕೊಂಡಾಗಲೂ ಅಷ್ಟು ಅತ್ತಿರಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನನ್ನನ್ನೂ ಉಣಿಸದೆ ಕಳಿಸಲಿಲ್ಲ ಬಿಡಿ.

ಈ ಬೇಸಿಗೆಯಲ್ಲಿ ನಾಗವ್ವ ವಿಳಾಸ ಹುಡುಕಿಕೊಂಡು ಯಲ್ಲಾಪುರದ ಮನೆಗೆ ಬಂದಳು. ಜೊತೆಗೆ ಕುರ್ಚಿ. ಗಂಡ ಕೋಲು ಹಿಡಿದು ಓಡಾಡುವಂತಾಗಿದ್ದನಂತೆ. ಕುರ್ಚಿಯನ್ನು ಫಳಫಳ ಹೊಳೆಯುವಂತೆ ತೊಳೆದಿದ್ದಳು. ಬೆನ್ನಿಗೆ ಹಳೇ ಸೀರೆಯ ಮೆತ್ತೆ ಹೊಲಿದು ಕಟ್ಟಿದ್ದಳು. "ಮತ್ಯಾರಿಗರ ಬೇಕಾಗ್ತೈತಿ, ಕೊಡ್ರಿ ಅಕ್ಕಾರ" ಅಂದಳು. ನಾನು ಕೊಟ್ಟ ಅಷ್ಟು ಸಾಮಾನಿನಲ್ಲಿ ತಿರುಗಿ ಬಂದದ್ದು ಅದೊಂದೇ. ಮಾವನ ಆರಾಮ ಕುರ್ಚಿಗೆ ಜಾಗವಿಲ್ಲದ ಮನೆಯಲ್ಲಿ ಈಗ ಈ ಗಾಲಿ ಕುರ್ಚಿ ಬಾಗಿಲ ಹಿಂದೆ ನಿಂತಿದೆ. ಗುಡಿಸುವಾಗ ದಿನಾ ಕಾಲಿಗೆ ತೊಡರುತ್ತದೆ, ದಿನಾ ಬೈದುಕೊಳ್ಳುತ್ತೇನೆ.

ಅದರ ಫೋಟೋವನ್ನು ಇನ್ನೂ ಯಾವ ಗ್ರೂಪಿಗೂ ಹಾಕಿಲ್ಲ, ಹಾಕುವುದೂ ಇಲ್ಲ. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ ಎಂದು ಮೊನ್ನೆ ಕೇಳಿದೆ. ಹೋಗಿ ವಿಚಾರಿಸಿದೆ. ಅವರ ಮಗಳು ಬೇಡ ಅಂದಳು. ನಾಳೆ ಇನ್ನೊಂದು ಸಲ ಹೋಗಬೇಕು.