ಕಟ್ಟೆಯ ಮೇಲಿನ ಮೊದಲ ತಿಂಗಳು

ಬೆಳಗಿನ ಆರು ಗಂಟೆಗೆ ರೋಣದ ಸಹಕಾರಿ ಸಂಘದ ಮುಂದೆ ಮನುಷ್ಯರಿಗಿಂತ ಮೊದಲು ಚಪ್ಪಲಿಗಳು ಪಾಳಿ ಹಚ್ಚಿರುತ್ತವೆ. ಎರಡು ಜೋಡು ಹವಾಯಿ, ಒಂದು ಕೈಚೀಲ, ಅದರ ಹಿಂದೊಂದು ಕಲ್ಲು. ಕಡಲೆ ಖರೀದಿಯ ಹಂಗಾಮು ಇದು. ತೂಕದ ಚೀಟಿಗಾಗಿ ಬಂದ ರೈತರು ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದಾರೆ. ನಿರ್ಮಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೂ ತೋರಿಸುತ್ತ ಹೆಸರು ಬರೆದುಕೊಳ್ಳುತ್ತಿದ್ದಾರೆ.

"ಈ ಕಲ್ಲು ಯಾರದ್ರಿ?"

"ನಂದವಾ, ಯಾವಗಲ್ಲ ಊರಿನ ಗೌಸುಸಾಬಂದು."

"ಕಲ್ಲು ಪಾಳೇದಾಗ ನಿಂತೈತಿ, ನೀವು ಚಾ ಕುಡಕೋತ ಕುಂತೀರಿ. ನಾಳಿ ಕಲ್ಲನ್ನ ತೂಕಾ ಮಾಡಿ ಕಳಸ್ತೇನಿ ನೋಡ್ರಿ."

ಚಹಾದಂಗಡಿಗೆ ಅಂಗಡಿಯೇ ನಗುತ್ತದೆ. ಗೌಸುಸಾಬ ಬಸಿಯಲ್ಲಿದ್ದ ಚಹಾ ಒಂದೇ ಗುಟುಕಿಗೆ ಮುಗಿಸಿ ಎದ್ದು ಬರುತ್ತಾರೆ.

ನಿರ್ಮಲಾ ಅವರಿಗೆ ನಲವತ್ನಾಲ್ಕು ವರ್ಷ. ಸಂಘದಲ್ಲಿ ಅವರ ಹುದ್ದೆಯ ಹೆಸರು ಸಹಾಯಕಿ. ಹತ್ತೊಂಬತ್ತು ವರ್ಷಗಳಿಂದ ಅದೇ ಹುದ್ದೆ, ಅದೇ ಮೇಜು. ಹಂಗಾಮಿನಲ್ಲಿ ದಿನಕ್ಕೆ ನೂರಿಪ್ಪತ್ತು ಚೀಟಿ, ಎಪ್ಪತ್ತರಷ್ಟು ಕಾಗದ. ಫೋನು ಎಷ್ಟು ಎಂದು ಎಣಿಸಿದವರಿಲ್ಲ. ಇದರ ಜೊತೆಗೆ ಯಾವ ಆದೇಶದಲ್ಲೂ ಬರೆಯದ ಇನ್ನೊಂದು ಕೆಲಸವಿದೆ: ಸಂಘಕ್ಕೆ ಒಂದು ವರ್ಷದ ಮಟ್ಟಿಗೆ ಬರುವ ಅಪ್ರೆಂಟಿಸ್ ಹುಡುಗ ಹುಡುಗಿಯರಿಗೆ ಕಚೇರಿಯ ಕೆಲಸ ಕಲಿಸುವುದು. ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಸೆಕ್ರೆಟರಿ ಪ್ರಭುಲಿಂಗಪ್ಪನವರು. ಅದರಲ್ಲಿ ನಿರ್ಮಲಾ ಹೆಸರು ಎಲ್ಲೂ ಇರುವುದಿಲ್ಲ.

ಒಂಬತ್ತು ವರ್ಷಗಳಲ್ಲಿ ಏಳು ಮಂದಿ ಅವರ ಕೈಯಲ್ಲಿ ಕಲಿತಿದ್ದಾರೆ. ನಾಲ್ವರು ಇಂದು ಗದಗ, ನರಗುಂದ, ಗಜೇಂದ್ರಗಡಗಳ ಕಚೇರಿಗಳಲ್ಲಿ ಮೇಜಿನ ಹಿಂದೆ ಕುಳಿತಿದ್ದಾರೆ. ಇಬ್ಬರು ಅರ್ಧಕ್ಕೆ ಬಿಟ್ಟರು. ಪರಶು ಎಂಬ ಹುಡುಗ ವರ್ಷ ಪೂರ್ತಿ ಮುಗಿಸಿಯೂ ನೌಕರಿ ಸಿಗದೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆ. "ಹೊಸದಾಗಿ ಬಂದವರಿಗೆ ನಾ ಮೊದಲ ಪರಶೂನ ಸುದ್ದೀನ ಹೇಳ್ತೇನ್ರಿ" ಎನ್ನುತ್ತಾರೆ ನಿರ್ಮಲಾ. "ಸರ್ಟಿಫಿಕೇಟ್ ಸಿಗ್ತದ. ನೌಕರಿ ಸಿಕ್ಕ ಸಿಗ್ತದ ಅಂತ ಯಾರ ಹಣಿಮ್ಯಾಲೂ ಬರದಿಲ್ಲ. ಸುಳ್ಳ ಆಸೆ ಹಚ್ಚಿ ಕೂಸಿನ ವರ್ಷ ಕಳೀಬಾರದು."

ಅವರ ತವರು ನರಗುಂದ. ಪಿಯುಸಿ ಮುಗಿಸಿ ಅಲ್ಲಿನ ವಕೀಲರೊಬ್ಬರ ಕಚೇರಿಗೆ ಕೆಲಸ ಕಲಿಯಲು ಸೇರಿದ್ದರು. "ಎರಡು ವರ್ಷ ಚಾ ತರೋದು ಕಲ್ತೆ. ಯಾರಿಗೆ ಸಕ್ರಿ ಬ್ಯಾಡ, ಯಾರಿಗೆ ಹಾಲು ಬ್ಯಾಡ, ಎಲ್ಲಾ ಬಾಯಿಪಾಠ. ಕಾಗದ ಮಾತ್ರ ಒಬ್ಬರೂ ಕೈಯಾಗ ಕೊಡಲಿಲ್ಲ." ಅದಕ್ಕೇ ಅವರ ಹತ್ತಿರ ಕಲಿಯುವವರು ಚಹಾ ತರುವಂತಿಲ್ಲ. ಇನ್ನೊಂದು ನಿಯಮ, ಹೊಸ್ತಿಲು ದಾಟಿ ಒಳಬಂದ ಯಾವುದೇ ಕಾಗದಕ್ಕೆ ಮೊದಲು ಆವಕ ರಿಜಿಸ್ಟರಿನಲ್ಲಿ ನಂಬರು ಬೀಳಬೇಕು. ಓದುವುದು, ಚರ್ಚೆ ಮಾಡುವುದು ಆಮೇಲೆ. ಎಲ್ಲಕ್ಕಿಂತ ವಿಚಿತ್ರವಾದ ನಿಯಮವೆಂದರೆ ಮೊದಲ ತಿಂಗಳು ಒಳಗೆ ಕುರ್ಚಿಯೇ ಇಲ್ಲ. ಹೊರಗಿನ ಕಟ್ಟೆಯ ಮೇಲೆ ರೈತರ ನಡುವೆ ಕುಳಿತು ಅರ್ಜಿ ತುಂಬಿಕೊಡಬೇಕು, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳಬೇಕು.

ಕಳೆದ ಅಕ್ಟೋಬರಿನಲ್ಲಿ ಈ ಕಟ್ಟೆಗೆ ಬಂದವಳು ಅಬ್ಬಿಗೇರಿಯ ಅನಿತಾ. ಬಿ.ಎ. ಮುಗಿಸಿದ ಹುಡುಗಿ. ಹದಿನೈದನೆಯ ದಿನಕ್ಕೆ ಅವಳ ತಾಯಿ ಸಣ್ಣವ್ವ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದೇಬಿಟ್ಟರು.

"ಬಾಯಾರ, ಮಂದಿ ಹೊಲದಾಗ ಕಳೆ ತಗದು ಮಗಳ್ನ ಓದ್ಸೀನ್ರಿ. ಕಟ್ಟಿ ಮ್ಯಾಲೆ ಕುಂದರಾಕ ಬಿ.ಎ. ಬೇಕೇನ್ರಿ? ನಮ್ಮೂರ ಹಣಮಪ್ಪನ ಗುಡಿ ಮುಂದೂ ಕಟ್ಟಿ ಐತಿ, ಬಸ್ ಚಾರ್ಜಾದ್ರೂ ಉಳೀತಿತ್ತು!"

"ಆ ಕಟ್ಟೀಗೆ ಅರ್ಜಿ ಬರಂಗಿಲ್ಲಲ್ಲ ಯವ್ವಾ" ಎಂದು ನಿರ್ಮಲಾ ನಕ್ಕು ತಮ್ಮ ಡಬ್ಬಿಯ ರೊಟ್ಟಿ ಬಿಚ್ಚಿದರು. ಸಣ್ಣವ್ವ ಊಟ ಮಾಡಿದರು, ಒಪ್ಪಲಿಲ್ಲ.

ಜನವರಿಯಲ್ಲಿ ಗಜೇಂದ್ರಗಡದ ಒಂದು ಸೀರೆ ಅಂಗಡಿಯಿಂದ ಅನಿತಾಳಿಗೆ ಕರೆ ಬಂತು. ಇಲ್ಲಿನ ಭತ್ಯೆಗಿಂತ ತಿಂಗಳಿಗೆ ಮೂರು ಸಾವಿರ ಹೆಚ್ಚು, ನಾಳೆಯಿಂದಲೇ ಕೆಲಸ. ಇಲ್ಲಿಯಾದರೆ ಇನ್ನೂ ಎಂಟು ತಿಂಗಳು, ಆಮೇಲೆ ಏನೆಂದು ಯಾರಿಗೂ ಗೊತ್ತಿಲ್ಲ. ಅನಿತಾ ಬಂದು ಕೇಳಿದಾಗ ನಿರ್ಮಲಾ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಇರು ಎಂದು ಹೇಳಿ ನಾಳೆ ಇವಳೂ ಇನ್ನೊಬ್ಬ ಪರಶು ಆದರೆ? ಹೋಗು ಎಂದು ಹೇಳಿ, ಕಾಗದ ಇಷ್ಟು ಚಂದ ಹಿಡಿಯುವ ಕೈ ಸೀರೆ ಮಡಚುತ್ತ ಉಳಿದರೆ? ಎರಡು ದಿನ ಅವರಿಗೆ ಇದೇ ಲೆಕ್ಕ.

ಮೂರನೆಯ ದಿನ ಕಡಲೆ ಖರೀದಿಯ ನೋಂದಣಿಗೆ ಕೊನೆಯ ದಿನ. ಬೆಳಿಗ್ಗೆ ಬಂದ ಕಾಗದಗಳನ್ನು ನೋಡಲು ನಿರ್ಮಲಾ ಆವಕ ರಿಜಿಸ್ಟರು ತೆರೆದರು. ಕೊನೆಯ ಸಾಲಿನಲ್ಲಿ ದುಂಡನೆಯ ಅಕ್ಷರ: ನಂಬರು 1417, ಬಂದದ್ದು ಯಾರಿಂದ, ಅನಿತಾ, ಅಪ್ರೆಂಟಿಸ್, ವಿಷಯ, ಕೆಲಸ ಬಿಡುವ ಕುರಿತು. ಹುಡುಗಿ ತನ್ನ ರಾಜೀನಾಮೆಗೆ ತಾನೇ ಠಸ್ಸೆ ಹೊಡೆದು, ತಾರೀಖು ಹಾಕಿ, ಸೆಕ್ರೆಟರಿಯವರ ಕಾಗದದ ಟ್ರೇಯಲ್ಲಿ ಇಟ್ಟಿದ್ದಳು!

ನಿರ್ಮಲಾ ಆ ಸಾಲನ್ನು ಇನ್ನೊಮ್ಮೆ ಓದಿದರು. ಮರುಕ್ಷಣವೇ ನಗು ತಡೆಯಲಾಗಲಿಲ್ಲ. "ಹುಚ್ಚಿ, ಬಿಟ್ಟು ಹೋಗೋ ಕಾಗದಕ್ಕೂ ನಂಬರ ಹಾಕ್ತಾರೇನಬೇ?"

"ಹೊಸ್ತಿಲ ದಾಟಿ ಬಂದಿದ್ದಕ್ಕೆಲ್ಲಾ ಹಾಕಬೇಕು ಅಂತ ನೀವ ಹೇಳಿದ್ರೆಲ್ಲಾ ಅಕ್ಕಾರ" ಎಂದಳು ಅನಿತಾ. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಈಗ ಬಸ್ಸಿನಲ್ಲಿ ಗೆಳತಿಯರಿಗೆ ಈ ಕಥೆಯನ್ನು ಅವಳೇ ಅಭಿನಯಿಸಿ ತೋರಿಸುತ್ತಾಳೆ.

ಅಷ್ಟರಲ್ಲಿ ಕಿಟಕಿಯ ಹತ್ತಿರ ಬೆಳವಣಕಿಯ ಖಾಜಾಬಿ ಬಂದು ನಿಂತರು. ಜೆರಾಕ್ಸ್ ಅಂಗಡಿಯ ಹುಡುಗನಿಂದ ಅರ್ಜಿ ತುಂಬಿಸಿ ತಂದಿದ್ದರು. ಒಳಗೆ ನೋಂದಣಿ ಮಾಡುವ ಕಂಪ್ಯೂಟರಿನವ ಕೈಚಾಚಿದರೆ ಕೊಡಲಿಲ್ಲ. "ಕಟ್ಟಿ ಮ್ಯಾಲೆ ಕುಂದರ್ತಿತ್ತಲಾ, ಆ ಹುಡುಗಿ ಬರ್ಲಿ. ನನ್ನ ಹೊಲ ಆಕಿಗೆ ಗೊತ್ತೈತಿ."

ಅನಿತಾ ಅರ್ಜಿ ಮೇಲೆ ಕಣ್ಣಾಡಿಸಿದಳು. "ಅಜ್ಜಿ, ಇದರಾಗ ನಾಕೂ ಎಕರೆ ಜ್ವಾಳ ಅಂತ ಬರದಾರ. ಹಳ್ಳದ ಮಗ್ಗಲದ್ದು ಎರಡು ಎಕರೆ ಕಡ್ಲಿ ಅಂದಿದ್ರೆಲ್ಲಾ?"

"ಹೌದಲ್ಲ ನನ ಮಗಳ! ಓದಾಕ ಬಂದಿದ್ರ ಆ ಹುಡುಗಗ ಅಲ್ಲೇ ಎರಡು ಬಿಗೀತಿದ್ದೆ!"

ಹಾಗೇ ಬಿಟ್ಟಿದ್ದರೆ ಖಾಜಾಬಿಯ ಕಡಲೆಯನ್ನು ಈ ವರ್ಷ ಇಲ್ಲಿ ಯಾರೂ ತೂಗುತ್ತಿರಲಿಲ್ಲ. ಹೊಲದ ಉತಾರ, ಅಂದರೆ ಪಹಣಿ, ತೆಗೆದು ತಾಳೆ ನೋಡಿ, ಹೊಸ ಅರ್ಜಿ ತುಂಬಿ, ಹೆಬ್ಬೆಟ್ಟು ಒತ್ತಿಸಿ, ನೋಂದಣಿ ಮುಗಿಸುವುದಕ್ಕೆ ಅನಿತಾಳಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಕಿಟಕಿಯ ಮುಂದೆ ಪಾಳಿ ಬೆಳೆದಿತ್ತು. ಅವಳು ಏಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬಿಳಿ ಹಾಳೆ ಎಳೆದುಕೊಂಡು ಬರೆದಳು. ಅದಕ್ಕೂ ನಂಬರು ಬಿತ್ತು. ವಿಷಯ, ಮೊದಲಿನ ಅರ್ಜಿ ಹಿಂಪಡೆಯುವ ಕುರಿತು.

"ನೌಕರಿ ಸಿಗ್ತದೋ ಇಲ್ಲೋ ಗೊತ್ತಿಲ್ರಿ" ಎನ್ನುತ್ತಾಳೆ ಅನಿತಾ. "ಆದ್ರ ಈ ಕೆಲಸ ನನಗ ಬರ್ತದ ಅಂತ ಅವತ್ತ ಗೊತ್ತಾತು. ಇಷ್ಟು ಬಂದ ಮ್ಯಾಲೆ ಪೂರಾ ಕಲ್ತ ಹೋಗೂಣು ಅಂದೆ."

ಸಂಜೆ ಪ್ರಭುಲಿಂಗಪ್ಪನವರು ಎರಡೂ ಕಾಗದ ಓದಿ, ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಈ ಸಂಘದಾಗ ಇಷ್ಟು ಲಗೂ ವಿಲೇವಾರಿ ಆದ ಅರ್ಜಿ ಇದ ಮೊದಲು ನೋಡವಾ" ಎಂದು ಸಹಿ ಮಾಡಿ ಕಡತಕ್ಕೆ ಸೇರಿಸಿದರು.

ಆ ರಾತ್ರಿ ನಿರ್ಮಲಾ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದರು. ಟೆಂಪೋ ನಿಲ್ಲಿಸಿ ಒಳಬಂದ ಗಂಡ ಶಶಿಕಾಂತ ಬಾಗಿಲಲ್ಲೇ ನಿಂತರು.

"ಏನಿದು, ಹಾಡು ಜೋರೈತಿ? ಪಗಾರ ಹೆಚ್ಚಾತೇನ?"

ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿರ್ಮಲಾಗೆ ಊರು ಗೊತ್ತು. ಒಮ್ಮೆ ಬಿಟ್ಟುಹೋಗಲು ಹೊರಟಿದ್ದವಳು ಎಂಬ ಮಾತು ಒಬ್ಬರ ಕಿವಿಗೆ ಬಿದ್ದರೆ, ನಾಳೆ ಯಾವುದೋ ಕಚೇರಿಯಲ್ಲಿ ಆ ಹುಡುಗಿಗಿಂತ ಮೊದಲು ಅದೇ ಹೋಗಿ ಕುಳಿತಿರುತ್ತದೆ. ಹೇಳುವುದಿದ್ದರೆ ಅವಳೇ ಹೇಳಿಕೊಳ್ಳಲಿ, ತನ್ನ ಬಾಯಿಂದ ಮಾತ್ರ ಬೇಡ.

"ಏನಿಲ್ರಿ" ಎಂದರು. "ಈ ಸಲದ ಜ್ವಾಳಕ್ಕ ಜಿಗಿ ಚಲೋ ಐತಿ. ರೊಟ್ಟಿ ತಾನ ತಿರಗಾಕತ್ತೈತಿ."