ಮೊದಲ ಫೋಟೊ ಭೀಮಾಬಾಯಿಯದು

ಕ್ರೋಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಸ್ಟುಡಿಯೊ ಇಟ್ಟಿದ್ದ ಮಧ್ವರಾಜನನ್ನು ಮದುವೆಗೆ ಕರೆಯುವವರು ಕಡಿಮೆ, ಸಾವಿಗೆ ಕರೆಯುವವರೇ ಹೆಚ್ಚು. ಬದುಕಿದ್ದಾಗ ಫೋಟೊ ತೆಗೆಸಿಕೊಳ್ಳಲು ಪುರುಸೊತ್ತಿಲ್ಲದವರೆಲ್ಲ ಸತ್ತ ದಿನ ಕುರ್ಚಿಯಲ್ಲಿ ಕೂತು, ಕೊರಳಿಗೆ ಹಾರ ಹಾಕಿಸಿಕೊಂಡು, ಅವನಿಗೆ ಪೋಸು ಕೊಡುತ್ತಿದ್ದರು. ಸಾವಿನ ಮನೆಯವರಿಗೆ ಇಲ್ಲ ಅನ್ನಬಾರದು ಎಂದು ಅಪ್ಪ ಹೇಳಿದ್ದ. ಅಪ್ಪನದೂ ಇದೇ ಕಸುಬು. ಸಾವಿಗೆ ಇಟ್ಟ ಕ್ಯಾಮೆರಾವನ್ನು ಬದುಕಿರುವವರ ಕಡೆ ತಿರುಗಿಸಬಾರದು ಎನ್ನುವುದೂ ಅಪ್ಪನದೇ ಕಟ್ಟಪ್ಪಣೆ.

ತಲೆನೋವು ನೆಗೆಟಿವ್‌ಗಳದ್ದು. ಪ್ರಿಂಟ್ ಒಯ್ದವರು ನೆಗೆಟಿವ್ ಬೇಡ ಅನ್ನುತ್ತಿದ್ದರು. ಕಳಿಸಿಕೊಟ್ಟವರನ್ನು ಯಾರು ತಾನೇ ವಾಪಸ್ ಕರೆತರುತ್ತಾರೆ? ಬೆಂಕಿಗೆ ಹಾಕಲು ಇವನಿಗೆ ಕೈ ಬಾರದು. ಒಮ್ಮೆ ಸುಟ್ಟವರನ್ನು ಇನ್ನೊಮ್ಮೆ ಸುಡುವುದು ಹೇಗೆ? ಹೀಗಾಗಿ ಅವರೆಲ್ಲ ಡಬ್ಬಗಳಲ್ಲಿ ಇವನ ಮನೆಯ ಅಟ್ಟ ಸೇರಿದ್ದರು. ನೆಗೆಟಿವ್‌ನಲ್ಲಿ ಮುಖ ಕಪ್ಪು, ಕೂದಲು ಬಿಳಿ, ಮುಚ್ಚಿದ ಕಣ್ಣೂ ತೆರೆದ ಹಾಗೆ. ಅಟ್ಟದ ಕೆಳಗೆ ಮಲಗಿದ ಮಧ್ವರಾಜನಿಗೆ ಮೇಲೆ ಯಾರೋ ಮಗ್ಗುಲು ಬದಲಿಸಿದ ಸದ್ದು. ಇಲಿ ಎಂದುಕೊಂಡು ಬೋನು ಇಟ್ಟ. ಬೋನಿನಲ್ಲಿ ವಡೆ ಒಣಗಿತು, ಇಲಿ ಬೀಳಲಿಲ್ಲ.

ಸಾವಿನ ಮನೆಯಿಂದ ಬಂದವನಿಗೆ ಹಿತ್ತಲಲ್ಲೇ ತಲೆಗೆ ನೀರು ಹೊಯ್ಯುತ್ತಿದ್ದವಳು ಹೆಂಡತಿ ಭೀಮಾಬಾಯಿ. ಅವಳೆದುರು ಮಾತ್ರ ಅವನು ಅಟ್ಟದ ವಿಷಯ ಎಂದೂ ಎತ್ತಿರಲಿಲ್ಲ. ಹೆದರುತ್ತಾಳೆ ಎಂದು ಅವನ ಲೆಕ್ಕ. ನಿಜಕ್ಕೂ ಹೆದರಿದ್ದವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ಸಾವಿರದ ಮೂರರಲ್ಲಿ ಡಿಜಿಟಲ್ ಕ್ಯಾಮೆರಾದ ಸುದ್ದಿ ಅವನ ಕಿವಿಗೆ ಬಿತ್ತು. ನೆಗೆಟಿವ್ ಇಲ್ಲ, ಪ್ರಿಂಟ್ ಹಾಕಿಕೊಟ್ಟು ಅಳಿಸಿಬಿಟ್ಟರೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಅವನು ಆ ವಾರವೇ ಎಲೆಕ್ಟ್ರಾನಿಕ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಹೊರಟ. ತಿರುವಲ್ಲಿಕ್ಕೇಣಿ ಗುಡಿಗೂ ಹೋಗಿ ಬರೋಣವೆಂದು ಭೀಮಾಬಾಯಿ ಜೊತೆಗೆ ಬಂದಳು.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಬಂದವರೆಲ್ಲ ಜೂಮ್ ಎಷ್ಟು, ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುತ್ತಿದ್ದರೆ ಮಧ್ವರಾಜ ಕೇಳಿದ್ದು ಒಂದೇ: ಅಳಿಸಿದ ಫೋಟೊ ಮತ್ತೆ ಬರುತ್ತದೆಯೇ? ಬರುವುದಿಲ್ಲ ಸಾರ್ ಎಂದ ಅಂಗಡಿಯವನು, ಉಳಿದಿದ್ದ ಒಂದೇ ಪೀಸನ್ನು ಬಿಚ್ಚಿ ಕೈಗೆ ಕೊಟ್ಟು, ಭೀಮಾಬಾಯಿಯನ್ನು ಎದುರಿಗೆ ನಿಲ್ಲಿಸಿ, "ಕೊಂಚಂ ಸಿರಿಂಗಮ್ಮಾ" ಎಂದು ತಮಿಳಿನಲ್ಲಿ ನಗಲು ಹೇಳಿದ. ಅವಳು ಸೆರಗು ಸರಿಮಾಡಿಕೊಂಡು ನಕ್ಕೇಬಿಟ್ಟಳು. ಕಸುಬಿನವನ ಬೆರಳು, ತಡೆಯುವಷ್ಟರಲ್ಲಿ ಒತ್ತಿಯೇಬಿಟ್ಟಿತ್ತು.

ಹೆಣಗಳಿಗೆಂದು ತೆಗೆದುಕೊಂಡ ಪೆಟ್ಟಿಗೆಯಲ್ಲಿ ಮೊಟ್ಟಮೊದಲು ಕೂತವಳು ಹೆಂಡತಿ. ಮಧ್ವರಾಜನಿಗೆ ಅಪ್ಪನ ಕಟ್ಟಪ್ಪಣೆ ನೆನಪಾಯಿತು. ಅಳಿಸುವ ಗುಂಡಿ ಯಾವುದೆಂದು ಕೇಳಿ ಒತ್ತಿದ. ಅಳಿಸಲೇ ಎಂದು ಪರದೆ ಕೇಳಿತು. ನಗುತ್ತಿರುವ ಹೆಂಡತಿಯನ್ನು ತನ್ನ ಬೆರಳಿನಿಂದಲೇ ಇಲ್ಲವಾಗಿಸಬೇಕು. ಬಿಟ್ಟರೆ ಅವಳ ಹಿಂದೆ ಹೆಣಗಳ ಸಾಲು. ಬೆರಳು ಗುಂಡಿಯ ಮೇಲೆ ಹಾಗೇ ನಿಂತುಹೋಯಿತು.

ಅವನು ಬೆವೆತದ್ದನ್ನು ಭೀಮಾಬಾಯಿ ನೋಡಿದ್ದಳು. ಫೋಟೊ ಅಳಿಸದೆಯೇ ಕ್ಯಾಮೆರಾ ಪ್ಯಾಕ್ ಮಾಡಿಸಿ ಹೊರಟರು. ವಾಪಸ್ ಬರುವ ಎಲೆಕ್ಟ್ರಿಕ್ ರೈಲಿನಲ್ಲಿ ಅವಳು ಬಿಡದೆ ಕೇಳಿದಾಗ ಅಟ್ಟದ ಸದ್ದಿನಿಂದ ಹಿಡಿದು ಎಲ್ಲ ಹೇಳಿಬಿಟ್ಟ.

"ಅವರು ಮೇಲಿರೋದು ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಮಹಾಲಯದಲ್ಲಿ ಕಾಗೆಗೆ ಅನ್ನ ಇಡೋವಾಗ ಅವರ ಪಾಲಿಗೂ ಒಂದು ಹಿಡಿ ಇಡ್ತಾ ಬಂದಿದೀನಿ. ಪಾವಂ, ಯಾರಿಗೂ ಬೇಡವಾದೋರು. ಅವರ ಭಯ ನಂಗಿಲ್ಲರೀ," ಎಂದಳು. ಆಮೇಲೆ ಅವನ ಮುಖ ನೋಡಿದಳು. "ನಾಳೆ ನಾನು ಹೋದ್ಮೇಲೂ ಹೀಗೇ ಅಳಿಸಿ, ಮನೇಲಿ ಯಾರೂ ಇಲ್ಲ ಅಂತ ನೆಮ್ಮದಿಯಾಗಿ ಮಲಗ್ತೀರಾ?"



ಆ ಕ್ಯಾಮೆರಾದಿಂದ ಮಧ್ವರಾಜ ಒಬ್ಬರನ್ನೂ ಅಳಿಸಲಿಲ್ಲ. ಸಾವಿನ ಮನೆಯಲ್ಲಿ ಫೋಟೊ ತೆಗೆದಾದ ಮೇಲೆ ಬಾಗಿಲಾಚೆ ನಿಂತು ಒಂದೊಂದೇ ಹಿಂದಕ್ಕೆ ಸರಿಸುತ್ತ ಹೋಗುವನು. ಆವತ್ತಿನವರು, ಅವರ ಹಿಂದಿನವರು, ಅವರಿಗೂ ಹಿಂದಿನವರು. ಕೊನೆಗೆ ಭೀಮಾಬಾಯಿ ಸಿಕ್ಕಿ, ಅವಳು ನಗುತ್ತಿರುವುದನ್ನು ನೋಡಿಕೊಂಡ ಮೇಲೆಯೇ ಅವನಿಗೆ ಮನೆಗೆ ಹೋಗುವ ಧೈರ್ಯ. ವರ್ಷ ಕಳೆದಂತೆ ಸಾಲು ಬೆಳೆಯಿತು. ಅವಳವರೆಗೆ ತಲುಪುವುದು ಒಂದೊಂದು ಸಾವಿಗೂ ಇನ್ನಷ್ಟು ತಡವಾಗುತ್ತಿತ್ತು.